ಶಾಂತವೇರಿ ಗೋಪಾಲಗೌಡ: ಮಂತ್ರಿಯಾಗದೆ ಉಳಿದ ಶಾಸಕನ ಸೇವೆ

ಶಾಸಕರೆಂದರೆ ಏನು ಮಾಡಬೇಕು? ಈ ಪ್ರಶ್ನೆಗೆ ನಮ್ಮ ಕರಾವಳಿಯಲ್ಲಿ ಇಂದು ಸಿಗುವ ಉತ್ತರ ಬಹುತೇಕ ಒಂದೇ: ರಸ್ತೆಗೆ ಡಾಮರು, ವಠಾರಕ್ಕೆ ಇಂಟರ್‌ಲಾಕ್, ವೃತ್ತಕ್ಕೆ ಹೈಮಾಸ್ಟ್ ದೀಪ. ಇವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಶಾಸಕ ಎಂಬ ಪದದೊಳಗೇ ಶಾಸನ ಎಂಬ ಪದವಿದೆ. ಶಾಸನ ರೂಪಿಸುವುದೇ ಅವರ ಮೊದಲ ಕೆಲಸ. ಆ ಕೆಲಸ ಬಡವನ ಮನೆಯಂಗಳವನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ತಿಳಿಯಲು ಶಾಂತವೇರಿ ಗೋಪಾಲಗೌಡರ ಬದುಕನ್ನು ನೋಡಿದರೆ ಸಾಕು.

ಗೋಪಾಲಗೌಡರು ಜನಿಸಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲೂಕಿನ ಆರಗದಲ್ಲಿ. ಬಡ ಕುಟುಂಬ. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಭಾಗವಹಿಸಿ ಸೆರೆಮನೆ ಕಂಡರು. ಸ್ವಾತಂತ್ರ್ಯಾನಂತರ ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಮನಸೋತು ಸಮಾಜವಾದಿ ಪಕ್ಷ ಸೇರಿದರು.

ಅವರನ್ನು ನಾಡಿಗೆ ಪರಿಚಯಿಸಿದ್ದು 1951ರ ಕಾಗೋಡು ಸತ್ಯಾಗ್ರಹ. ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಬಗ್ಗೆ ತಕರಾರು ಎದ್ದಿತು. ಸರಕಾರ ನಿಗದಿಪಡಿಸಿದ ಅಳತೆಗಿಂತ ಧಣಿಗಳ ಕೊಳಗ ದೊಡ್ಡದಾಗಿತ್ತು. ಪ್ರತಿ ಕೊಳಗದಲ್ಲಿ ಹೋಗುವ ಹೆಚ್ಚುವರಿ ಭತ್ತ ಕೊಂಚವೇ ಆಗಿರಬಹುದು. ಆದರೆ ಅದು ಒಕ್ಕಲಿನ ಮಕ್ಕಳ ಗಂಜಿಯಿಂದ ಕಡಿತವಾಗುತ್ತಿತ್ತು. ಪ್ರಶ್ನಿಸಿದವರು ಗದ್ದೆ ಕಳೆದುಕೊಂಡರು. ಎಚ್. ಗಣಪತಿಯಪ್ಪನವರು ಸಂಘಟಿಸಿದ್ದ ಈ ದೀವರ ಒಕ್ಕಲುಗಳ ಬೆನ್ನಿಗೆ ಸಮಾಜವಾದಿ ಪಕ್ಷ ನಿಂತಿತು. ಜನ ತಂಡತಂಡವಾಗಿ ನೇಗಿಲು ಹಿಡಿದು ಗದ್ದೆಗಿಳಿದು ಬಂಧನಕ್ಕೊಳಗಾದರು. ಸ್ವತಃ ಲೋಹಿಯಾ ಅವರೇ ಬಂದು ಬಂಧಿತರಾದರು. ಗೋಪಾಲಗೌಡರು ಈ ಹೋರಾಟದ ಮುಂಚೂಣಿಯಲ್ಲಿದ್ದರು.

ಮರುವರ್ಷ, 1952ರಲ್ಲಿ, ಮೊದಲ ಸಾರ್ವತ್ರಿಕ ಚುನಾವಣೆ. ಸಾಗರ-ಹೊಸನಗರ ಕ್ಷೇತ್ರದಲ್ಲಿ ಗೋಪಾಲಗೌಡರ ಎದುರಾಳಿ ಕಾಂಗ್ರೆಸ್ಸಿನ ಪ್ರಬಲ ನಾಯಕ ಎ. ಆರ್. ಬದರಿನಾರಾಯಣ್. ಗೌಡರ ಕೈಯಲ್ಲಿ ಹಣವಿರಲಿಲ್ಲ. 'ಒಂದು ವೋಟು, ಒಂದು ನೋಟು' ಎಂದು ಜನರನ್ನೇ ಕೇಳಿಕೊಂಡರು. ಅಂದರೆ ಮತದ ಜೊತೆಗೆ ಚುನಾವಣಾ ವೆಚ್ಚಕ್ಕಾಗಿ ಒಂದು ರೂಪಾಯಿ. ಮತದಾರ ಅಭ್ಯರ್ಥಿಗೆ ಹಣ ಕೊಡುವ ಕಾಲವೂ ಇತ್ತು ಎಂಬುದನ್ನು ಇಂದಿನ ಯುವಜನರು ಅವಶ್ಯ ತಿಳಿದಿರಬೇಕು. ಗೌಡರು ಗೆದ್ದರು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಪುನಃ ಆರಿಸಿಬಂದರು.

ಮೂರು ಅವಧಿಯಲ್ಲೂ ಅವರು ಕುಳಿತದ್ದು ವಿರೋಧಪಕ್ಷದ ಸಾಲಿನಲ್ಲಿ. ಅಧಿಕಾರವಿಲ್ಲದ ಶಾಸಕನಿಗೆ ಸದನದಲ್ಲಿ ಇರುವ ಸಾಧನಗಳು ಕೆಲವೇ: ಪ್ರಶ್ನೋತ್ತರ ವೇಳೆ, ಆಯವ್ಯಯದ ಮೇಲಿನ ಚರ್ಚೆ, ಮಸೂದೆಗೆ ಸೂಚಿಸುವ ತಿದ್ದುಪಡಿ. ಸಂಖ್ಯಾಬಲವಿಲ್ಲದವರ ತಿದ್ದುಪಡಿ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಆದರೆ ಆಡಿದ ಮಾತು ನಡವಳಿಯಲ್ಲಿ ದಾಖಲಾಗಿ ಉಳಿಯುತ್ತದೆ. ನಾಳೆ ಅಧಿಕಾರಕ್ಕೆ ಬರುವವರ ಕಿವಿಯಲ್ಲೂ ಉಳಿಯುತ್ತದೆ. ಗೌಡರು ಈ ಸಾಧನಗಳನ್ನು ಸಂಪೂರ್ಣವಾಗಿ ಬಳಸಿದರು. ಉಳುವವನೇ ಹೊಲದೊಡೆಯನಾಗಬೇಕು, ಆಡಳಿತ ಕನ್ನಡದಲ್ಲಿ ನಡೆಯಬೇಕು, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರಿಡಬೇಕು ಎಂದು ವಾದಿಸುತ್ತಲೇ ಬಂದರು.

ಅವರ ವಾದ ಏಕೆ ಮುಖ್ಯವಾಗಿತ್ತು? 1961ರ ಭೂಸುಧಾರಣಾ ಕಾಯಿದೆ ಜಾರಿಗೆ ಬಂದದ್ದು 1965ರ ಅಕ್ಟೋಬರ್ 2ರಂದು. ಸ್ವಂತ ಬೇಸಾಯದ ಹೆಸರಿನಲ್ಲಿ ಭೂಮಿಯನ್ನು ಮರಳಿ ಪಡೆಯಲು ಅದರಲ್ಲಿ ಧಣಿಗಳಿಗೆ ಅವಕಾಶವಿತ್ತು. ಕಾಯಿದೆ ಪುಸ್ತಕದಲ್ಲಿದ್ದರೂ ಒಕ್ಕಲಿನ ಭಯ ಹೋಗಲಿಲ್ಲ.

ಬದಲಾವಣೆ ಬಂದದ್ದು ದೇವರಾಜ ಅರಸರ ಕಾಲದಲ್ಲಿ. ತಿದ್ದುಪಡಿಯಾದ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಂದು ಗೇಣಿಯಲ್ಲಿದ್ದ ಭೂಮಿ ಸರಕಾರಕ್ಕೆ ಸೇರಿ, ಉಳುವವನಿಗೆ ಅಧಿಭೋಗದ ಹಕ್ಕು ಕೇಳುವ ಅವಕಾಶ ದೊರೆಯಿತು. ಫಾರಂ 7ರಲ್ಲಿ ಅರ್ಜಿ ಹಾಕಬೇಕಿತ್ತು. ತೀರ್ಮಾನಿಸಲು ಭೂ ನ್ಯಾಯಮಂಡಳಿಗಳು ರಚನೆಯಾದವು. ಅಧಿಕಾರಿಯೊಂದಿಗೆ ಜನಸಾಮಾನ್ಯರೂ ಅದರಲ್ಲಿ ಸದಸ್ಯರಾದರು. ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಹಣವಿದ್ದವನ ವಾದಕ್ಕೆ ಬಡವ ಸೋಲಬಾರದು ಎಂಬುದು ಉದ್ದೇಶ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 'ಡಿಕ್ಲರೇಶನ್ ಕೊಟ್ಟ ಜಾಗ' ಎಂಬ ಮಾತು ಇಂದಿಗೂ ಹಿರಿಯರ ಬಾಯಲ್ಲಿದೆ. ಚಾಲಗೇಣಿಯ ಒಕ್ಕಲು ಧಣಿ ಏಳೆಂದರೆ ಏಳಬೇಕಿತ್ತು; ಮುಡಿ ಅಕ್ಕಿ ಹೊತ್ತು ಧಣಿಗಳ ಮನೆಗೆ ಮುಟ್ಟಿಸಬೇಕಿತ್ತು. ಬಿಲ್ಲವರು, ಬಂಟರು, ಕ್ರೈಸ್ತರು ಎನ್ನದೆ ಹಲವು ಸಮುದಾಯಗಳ ಒಕ್ಕಲುಗಳು ಈ ಕಾಯಿದೆಯಿಂದ ಭೂಮಾಲಕರಾದರು. ಆ ತೋಟದ ಆದಾಯದಿಂದ ಶಾಲೆ ಕಲಿತ ಮಕ್ಕಳು ಮುಂಬಯಿ, ಕೊಲ್ಲಿ ರಾಷ್ಟ್ರಗಳವರೆಗೆ ತಲುಪಿದರು. ಹಾಗೆಯೇ, ಗೇಣಿಯನ್ನೇ ನಂಬಿದ್ದ ಕೆಲವು ಸಣ್ಣ ಭೂಮಾಲಕರು ಮತ್ತು ವಿಧವೆಯರು ಕಷ್ಟಕ್ಕೆ ಸಿಲುಕಿದರು ಎಂಬುದನ್ನೂ ನ್ಯಾಯದೃಷ್ಟಿಯಿಂದ ಹೇಳಬೇಕಾಗುತ್ತದೆ.

ಗೋಪಾಲಗೌಡರು ಇದನ್ನು ನೋಡಲಿಲ್ಲ. 1972ರ ಜೂನ್ 9ರಂದು, 49ರ ಪ್ರಾಯದಲ್ಲಿ, ಅನಾರೋಗ್ಯದಿಂದ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅವರು ಯಾವ ಮಂತ್ರಿ ಪದವಿಯನ್ನೂ ಹಿಡಿದವರಲ್ಲ. ಅವರ ಗರಡಿಯಲ್ಲಿ ಬೆಳೆದ ಎಸ್. ಬಂಗಾರಪ್ಪ ಮತ್ತು ಜೆ. ಎಚ್. ಪಟೇಲ್ ಮುಂದೆ ಮುಖ್ಯಮಂತ್ರಿಗಳಾದರು. ಯು. ಆರ್. ಅನಂತಮೂರ್ತಿಯವರ 'ಅವಸ್ಥೆ' ಕಾದಂಬರಿಯ ನಾಯಕನಲ್ಲಿ ಓದುಗರು ಗೌಡರ ಛಾಯೆಯನ್ನು ಕಂಡರು.

ಸದನದಲ್ಲಿ ಬರೆದ ಒಂದು ಸಾಲು ಗದ್ದೆಯ ಒಡೆತನವನ್ನೇ ಬದಲಿಸಬಲ್ಲದು. 2020ರಲ್ಲಿ ಇದೇ ಕಾಯಿದೆಗೆ ತಿದ್ದುಪಡಿಯಾಗಿ, ಕೃಷಿಕರಲ್ಲದವರೂ ಕೃಷಿಭೂಮಿ ಖರೀದಿಸಲು ದಾರಿಯಾಯಿತು. ಅದರ ಪರ-ವಿರೋಧ ಏನೇ ಇರಲಿ, ಅಂದು ನಮ್ಮ ಕ್ಷೇತ್ರದ ಶಾಸಕರು ಸದನದಲ್ಲಿ ಏನು ಮಾತನಾಡಿದರು ಎಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸಿದ್ದೇವೆ? ಮುಂದಿನ ಬಾರಿ ಶಾಸಕರು ಊರಿನ ಸಮಾರಂಭಕ್ಕೆ ಬಂದಾಗ ಇಂಟರ್‌ಲಾಕಿನ ಮನವಿ ಕೊಡೋಣ. ಅದರ ಜೊತೆಗೆ, ಕಳೆದ ಅಧಿವೇಶನದಲ್ಲಿ ಎಷ್ಟು ಪ್ರಶ್ನೆ ಕೇಳಿದಿರಿ ಎಂದೂ ವಿನಯದಿಂದ ಕೇಳೋಣ.