ನುಗ್ಗೆ, ಬೆಳ್ಳುಳ್ಳಿಯಿಂದ ಆರ್ಸೆನಿಕ್ ವಿಷ ಇಳಿಯುತ್ತಾ? ಮೊದಲು ಬೋರ್‌ವೆಲ್ ನೀರು ನೋಡಿ

ಯಾದಗಿರಿ: ನುಗ್ಗೆ ರಸ ಕುಡಿದ್ರೆ, ಬೆಳ್ಳುಳ್ಳಿ ತಿಂದ್ರೆ ಮೈಯಲ್ಲಿರೋ ಲೋಹದ ವಿಷವೆಲ್ಲ ಇಳಿದು ಹೋಗುತ್ತೆ ಅನ್ನೋ ಮಾತಿದೆ. ಇದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಅದನ್ನೇ ನಂಬಿ ಕುಳಿತರೆ ಅಪಾಯ.

ನಮ್ಮ ಭಾಗಕ್ಕೆ ಇದು ದೂರದ ವಿಷಯವಲ್ಲ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಇರುವ ಕಲ್ಲೂ ಇರುತ್ತದೆ. ಸುರಪುರ ಭಾಗದ ಹಳೆಯ ಚಿನ್ನದ ಗಣಿ ಪ್ರದೇಶದಲ್ಲಿರುವ ಕಿರದಳ್ಳಿ ತಾಂಡಾದಲ್ಲಿ ಆರ್ಸೆನಿಕ್‌ನಿಂದ ಜನರಿಗೆ ಚರ್ಮರೋಗ ಬಂದಿದ್ದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಾಖಲಾಗಿದೆ.

ಗಿಡಮೂಲಿಕೆ ಏನು ಮಾಡುತ್ತೆ?

ಆರ್ಸೆನಿಕ್ ದೇಹದ ಪ್ರೋಟೀನ್‌ಗಳಲ್ಲಿರುವ ಗಂಧಕಕ್ಕೆ ಅಂಟಿಕೊಂಡು ಅವುಗಳ ಕೆಲಸ ಕೆಡಿಸುತ್ತದೆ. ವಿಷ ಹೊರಹಾಕಲು ಬೇಕಾದ ಗ್ಲುಟಾಥಯೋನ್ ಅನ್ನೂ ಬರಿದು ಮಾಡುತ್ತದೆ. ಬೆಳ್ಳುಳ್ಳಿಯಲ್ಲಿ ಗಂಧಕದ ಅಂಶಗಳಿವೆ. ನುಗ್ಗೆ, ಅರಿಶಿನ, ನೆಲ್ಲಿಕಾಯಿಯಲ್ಲಿ ಜೀವಕೋಶಕ್ಕೆ ಆಗುವ ಹಾನಿ ತಗ್ಗಿಸುವ ಅಂಶಗಳಿವೆ.

ಗ್ವಾಲಿಯರ್‌ನ ರಕ್ಷಣಾ ಸಂಶೋಧನಾಲಯದ ವಿಜ್ಞಾನಿಗಳು ಆರ್ಸೆನಿಕ್ ಕೊಟ್ಟ ಇಲಿಗಳಿಗೆ ನುಗ್ಗೆ ಬೀಜದ ಪುಡಿ ಕೊಟ್ಟು ನೋಡಿದ್ದರು. ರಕ್ತ, ಲಿವರ್, ಕಿಡ್ನಿಯಲ್ಲಿ ಆರ್ಸೆನಿಕ್ ಕಡಿಮೆಯಾಯಿತು ಎಂದು 2005ರಲ್ಲಿ ವರದಿ ಮಾಡಿದರು. ಗಮನಿಸಿ, ಅದು ಬೀಜದ ಪುಡಿ, ಸೊಪ್ಪಿನ ರಸವಲ್ಲ. ಪ್ರಯೋಗ ನಡೆದಿದ್ದು ಇಲಿಗಳ ಮೇಲೆ. ಇರಾನ್‌ನಲ್ಲಿ ಬ್ಯಾಟರಿ ಕಾರ್ಖಾನೆ ಕಾರ್ಮಿಕರ ಮೇಲೆ ನಡೆದ ಪ್ರಯೋಗದಲ್ಲಿ ಬೆಳ್ಳುಳ್ಳಿಯಿಂದ ರಕ್ತದಲ್ಲಿನ ಸೀಸ ತಗ್ಗಿತ್ತು. ಆದರೆ ಸೀಸ ಬೇರೆ, ಆರ್ಸೆನಿಕ್ ಬೇರೆ.

ಒಂದು ಕಡೆ ಇಳಿಸಿ, ಇನ್ನೊಂದು ಕಡೆ ತುಂಬಿ

ದಿನಾ ಅದೇ ಬೋರ್‌ವೆಲ್ ನೀರು ಕುಡಿಯುತ್ತಿದ್ದರೆ ಯಾವ ರಸ ಕುಡಿದರೂ ತೂತು ಮಡಕೆಗೆ ನೀರು ಹಾಕಿದಂತೆ. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಲೀಟರ್‌ಗೆ 0.01 ಮಿಲಿಗ್ರಾಂ ದಾಟಬಾರದು. ಇದಕ್ಕೆ ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲ. ಕಾಯಿಸಿದರೂ ಹೋಗಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ.

ಲೇಬಲ್ ಇಲ್ಲದ ಪುಡಿ, ಭಸ್ಮದ ಬಗ್ಗೆಯೂ ಎಚ್ಚರ ಇರಲಿ. ಇಂಟರ್‌ನೆಟ್‌ನಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ ಅಮೆರಿಕದ ಸಂಶೋಧಕರು, ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದೆ ಎಂದು 2008ರಲ್ಲಿ ತಿಳಿಸಿದ್ದರು.

ನೀವೇನು ಮಾಡಬೇಕು?

* ಗ್ರಾಮ ಪಂಚಾಯಿತಿ ಮೂಲಕ ಬೋರ್‌ವೆಲ್ ನೀರನ್ನು ಲ್ಯಾಬ್‌ಗೆ ಕಳಿಸಿ. 'ಆರ್ಸೆನಿಕ್ ಪರೀಕ್ಷೆ ಆಗಬೇಕು' ಅಂತ ಬಿಡಿಸಿ ಹೇಳಿ.
* ಮಿತಿ ದಾಟಿದ್ದರೆ ಕುಡಿಯಲು ಮತ್ತು ಅಡುಗೆಗೆ ಆ ನೀರು ಬಳಸಬೇಡಿ.
* ಅಂಗೈ, ಅಂಗಾಲು ಗಟ್ಟಿಯಾಗಿ ಗಂಟು ಕಟ್ಟಿದರೆ, ಎದೆ-ಬೆನ್ನ ಮೇಲೆ ಮಳೆಹನಿಯಂಥ ಚುಕ್ಕೆ ಕಂಡರೆ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರಿಗೆ ತೋರಿಸಿ. ಯಾವ ನೀರು ಕುಡಿಯುತ್ತೀರಿ ಅಂತಲೂ ತಿಳಿಸಿ.

ಹಾಗಂತ ನುಗ್ಗೆ ಸೊಪ್ಪಿನ ಪಲ್ಯ, ಬೇಳೆ, ಬೆಳ್ಳುಳ್ಳಿ ಬಿಡಬೇಕಿಲ್ಲ. ಪೌಷ್ಟಿಕ ಊಟ ಇಲ್ಲದವರಿಗೇ ಈ ವಿಷ ಹೆಚ್ಚು ಬಾಧಿಸುತ್ತದೆ. ಅವನ್ನು ಊಟವಾಗಿ ತಿನ್ನಿ, ನೀರಿನ ಪರೀಕ್ಷೆಯನ್ನು ಮಾತ್ರ ಮುಂದೂಡಬೇಡಿ.