ಮೂಕಪ್ರಾಣಿಯ ಹೃದಯ

ತುಮಕೂರಿನಿಂದ ಕುಣಿಗಲಿಗೆ ಹೋಗುವ ದಾರಿಯಲ್ಲಿ ಹೆಬ್ಬೂರು ಇದೆ. ಇಂತಹ ಊರುಗಳ ತೋಟದ ಮನೆಗಳಲ್ಲಿ ನಾಯಿಯು ಕಾವಲುಗಾರನೂ ಹೌದು, ಮಕ್ಕಳ ಒಡನಾಡಿಯೂ ಹೌದು. ಒಂದೇ ಸೂಲಿನ ಮರಿಗಳೆಲ್ಲ ಕುಣಿದಾಡುತ್ತಿರುವಾಗ ಒಂದು ಮರಿ ಮಾತ್ರ ನಾಲ್ಕು ಹೆಜ್ಜೆ ಓಡಿ, ಏದುಸಿರು ಬಿಡುತ್ತ ಕುಳಿತುಬಿಡುವುದುಂಟು. ಅದನ್ನು ಸೋಮಾರಿಯೆಂದು ಕಡೆಗಣಿಸುವವರೇ ಹೆಚ್ಚು. ಆದರೆ ದೋಷವು ಕೆಲವೊಮ್ಮೆ ಅದರ ಹೃದಯದಲ್ಲಿ ಹುಟ್ಟಿನಿಂದಲೇ ಇರುತ್ತದೆ.

ಗರ್ಭದಲ್ಲಿರುವ ಮರಿಗೆ ಆಮ್ಲಜನಕವು ತಾಯಿಯ ರಕ್ತದಿಂದಲೇ ದೊರೆಯುತ್ತದೆ. ಆದುದರಿಂದ ಶ್ವಾಸಕೋಶಗಳ ಕಡೆಗೆ ಹೊರಟ ರಕ್ತದ ಬಹುಪಾಲು ಒಂದು ಕಿರುನಾಳದ ಮೂಲಕ ನೇರವಾಗಿ ಮಹಾಪಧಮನಿಯನ್ನು ಸೇರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಈ ನಾಳವು ಮುಚ್ಚಿಹೋಗಬೇಕು. ಮುಚ್ಚದಿದ್ದರೆ, ತೂಬು ಕೆಟ್ಟ ಕಾಲುವೆಯ ನೀರು ಬೇಡದ ಗದ್ದೆಗೆ ಹರಿಯುವಂತೆ, ಮಹಾಪಧಮನಿಯ ರಕ್ತವು ಶ್ವಾಸಕೋಶಗಳಿಗೆ ನುಗ್ಗುತ್ತದೆ. ಅಧಿಕ ಹೊರೆ ಹೊತ್ತ ಹೃದಯದ ಎಡಭಾಗವು ಹಿಗ್ಗಿ, ಕಾಲಕ್ರಮದಲ್ಲಿ ಸೋಲುತ್ತದೆ.

ಮೊದಲ ಸುಳಿವು ದೊರೆಯುವುದು ಕಿವಿಗೆ. ಆರೋಗ್ಯವಂತ ಹೃದಯದ ಬಡಿತಗಳ ನಡುವೆ ನಿಶ್ಶಬ್ದವಿರುತ್ತದೆ. ನಾಳವು ತೆರೆದಿರುವಲ್ಲಿ ಬೀಸುವ ಕಲ್ಲಿನಂತಹ ಎಡೆಬಿಡದ ಮೊರೆತವು ಸ್ಟೆತಾಸ್ಕೋಪಿನಲ್ಲಿ ಕೇಳಿಸುತ್ತದೆ. ಎದೆಯ ಎಡಭಾಗದ ಮೇಲೆ ಅಂಗೈಯಿಟ್ಟರೆ ಕಂಪನವೂ ತಿಳಿಯುವುದುಂಟು. ಆದರೆ ದೋಷದ ಸ್ವರೂಪವನ್ನು ನಿಶ್ಚಯಿಸಲು ಒಳಗನ್ನು ನೋಡಲೇಬೇಕು.

1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಕ್ಷ-ಕಿರಣಗಳು ಹೃದಯದ ಗಾತ್ರವನ್ನೂ ಹೊರ ಆಕಾರವನ್ನೂ ತೋರಿಸುತ್ತವೆ. ಒಳಗಿನ ಚಲನೆಯನ್ನು ತೋರಿಸಲಾರವು. ಆ ಕೊರತೆಯನ್ನು ಶ್ರವಣಾತೀತ ಧ್ವನಿಯು ತುಂಬಿತು. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ಎಡ್ಲರ್ ಮತ್ತು ಹರ್ಟ್ಸ್ ಎಂಬವರು ಈ ಧ್ವನಿಯ ಪ್ರತಿಧ್ವನಿಗಳಿಂದ ಹೃದಯದ ಚಲನೆಯನ್ನು ದಾಖಲಿಸಿದರು. ಇಂದು ಕವಾಟಗಳ ಕಿರಿದಾಗುವಿಕೆ, ಗೋಡೆಯ ರಂಧ್ರ, ಕೋಣೆಗಳ ಹಿಗ್ಗುವಿಕೆ ಎಲ್ಲವೂ ತೆರೆಯ ಮೇಲೆ ಮೂಡುತ್ತವೆ. ಡಾಪ್ಲರ್ ಪರಿಣಾಮದ ನೆರವಿನಿಂದ ರಕ್ತದ ವೇಗವೂ ದಿಕ್ಕೂ ತಿಳಿಯುತ್ತವೆ.

ದಿಕ್ಕನ್ನು ತಿಳಿಯುವುದು ಜೀವನ್ಮರಣದ ಪ್ರಶ್ನೆ. ರಕ್ತವು ಮಹಾಪಧಮನಿಯಿಂದ ಶ್ವಾಸಕೋಶಗಳತ್ತ ಹರಿಯುತ್ತಿದ್ದರೆ, ನಾಳವನ್ನು ಶಸ್ತ್ರಚಿಕಿತ್ಸೆಯಿಂದ ಕಟ್ಟಿ ಮರಿಯನ್ನು ಉಳಿಸಬಹುದು. ಕೆಲವು ಮರಿಗಳಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡವು ವಿಪರೀತವಾಗಿ ಏರಿ, ಹರಿವೇ ತಿರುಗುತ್ತದೆ. ಆಗ ನಾಳವನ್ನು ಮುಚ್ಚಿದರೆ ಪ್ರಾಣಕ್ಕೇ ಅಪಾಯ. ಆದುದರಿಂದ ಪರೀಕ್ಷೆಯಿಲ್ಲದೆ ಚಿಕಿತ್ಸೆಯಿಲ್ಲ.

ಊರಿನ ಪಶುವೈದ್ಯರು ಮೊರೆತವನ್ನು ಗುರುತಿಸಿದರೆ, ಮುಂದಿನ ತಪಾಸಣೆಗೆ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜಿನಂತಹ ಸಂಸ್ಥೆಗಳಿವೆ.

ಈ ಆರೈಕೆಯ ಹಿಂದೆ ಒಂದು ಹಳೆಯ ಋಣವೂ ಇದೆ. 1944ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ, ಹೃದಯದೋಷದಿಂದ ಮೈ ನೀಲಿಗಟ್ಟಿದ್ದ ಒಂದು ಹಸುಳೆಗೆ ಬ್ಲೇಲಾಕ್ ಎಂಬ ವೈದ್ಯರು ಶಸ್ತ್ರಚಿಕಿತ್ಸೆ ಮಾಡಿದರು. ಅದರ ವಿಧಾನವನ್ನು ಅವರ ಸಹಾಯಕ ವಿವಿಯನ್ ಥಾಮಸ್ ಮೊದಲು ರೂಢಿಸಿಕೊಂಡದ್ದು ನಾಯಿಗಳ ಮೇಲೆ. ಮಾನವಶಿಶುಗಳ ಹೃದಯಕ್ಕೆ ದಾರಿ ತೋರಿದ ಪ್ರಾಣಿಯ ಹೃದಯವನ್ನು ಇಂದು ಅದೇ ವಿಜ್ಞಾನವು ಪರೀಕ್ಷಿಸುತ್ತಿದೆ. ಏದುಸಿರು ಬಿಡುವ ಮರಿಯನ್ನು ಸಕಾಲದಲ್ಲಿ ವೈದ್ಯರ ಬಳಿಗೆ ಒಯ್ಯುವುದು ಸಾಕಿದವರ ಪಾಲಿನ ಕರ್ತವ್ಯ.