ಬೆಟ್ಟ ಇಳಿಯದ ಹಕ್ಕಿ

ಕಳೆದ ಸೆಮಿಸ್ಟರ್‌ನಲ್ಲಿ ಇಂಟರ್ನಲ್ಸ್ ಮುಗಿದ ಮರುದಿನ ನಾವು ಎಂಟು ಜನ ಮುಳ್ಳಯ್ಯನಗಿರಿಗೆ ಹೋಗಿದ್ವಿ. ತುದಿ ಮುಟ್ಟಿ, ಫೋಟೋ ಹೊಡೆದು, ಇಳಿಯುವಾಗ ಒಂದು ಚಿಕ್ಕ ಕಾಡಿನ ಪಕ್ಕ ಚಿತ್ರಾನ್ನದ ಡಬ್ಬಿ ಬಿಚ್ಚಿ ಕೂತ್ವಿ. ಬ್ಲೂಟೂತ್ ಸ್ಪೀಕರ್ ಜೋರಾಗಿ ಹಾಡ್ತಾ ಇತ್ತು. ಅದರ ಚಾರ್ಜ್ ಮುಗಿದು ಸುಮ್ಮನಾದಾಗಲೇ ಕಾಡಿನೊಳಗಿನ ಶಿಳ್ಳೆ ನಮಗೆ ಕೇಳಿಸಿದ್ದು. ನಮ್ಮಲ್ಲಿ ಒಬ್ಬಳಿಗೆ ಹಕ್ಕಿಗಳ ಹುಚ್ಚು. "ಶ್... ಶೋಲಾಕಿಳಿ ಇರಬೇಕು ಕಣ್ರೋ" ಅಂದಳು. ಕಾಲು ಗಂಟೆ ಕಾದರೂ ಹಕ್ಕಿ ಕಾಣಲಿಲ್ಲ. ಹಾಸ್ಟೆಲ್‌ಗೆ ಬಂದ ಮೇಲೆ ಅದರ ಬಗ್ಗೆ ಹುಡುಕಿ ಓದಿದ್ವಿ. ಓದಿದ್ದು ನಮಗಷ್ಟೇ ಇರೋದು ಬೇಡ ಅನ್ನಿಸ್ತು, ಅದಕ್ಕೇ ಈ ಲೇಖನ.

ಮೊದಲು ಹೆಸರು. ಕಿಳಿ ಅಂದ ತಕ್ಷಣ ನಾವು ಗಿಳಿ ಅಂದುಕೊಂಡಿದ್ವಿ. ಅಲ್ಲ! ಮಲಯಾಳದಲ್ಲಿ ಕಿಳಿ ಅಂದ್ರೆ ಹಕ್ಕಿ. ಶೋಲಾ ಅಂದ್ರೆ ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳ ಮಡಿಕೆಗಳಲ್ಲಿ, ನೀರಿನ ಒರತೆ ಇರೋ ಕಡೆ ಬೆಳೆಯುವ ಗಿಡ್ಡ ಮರಗಳ ದಟ್ಟ ಕಾಡು. ಸುತ್ತಲೂ ಹುಲ್ಲುಗಾವಲು, ನಡುವೆ ಪಾಚಿ ಹಿಡಿದ ಮರಗಳು. ಅಲ್ಲಿ ವಾಸಿಸುವ ಹಕ್ಕಿಯೇ ಶೋಲಾಕಿಳಿ.

ಗಾತ್ರ ಸುಮಾರು 15 ಸೆಂಟಿಮೀಟರ್, ಅಂದ್ರೆ ನಮ್ಮ ಸ್ಟೀಲ್ ಸ್ಕೇಲ್‌ನ ಅರ್ಧ. ಬೆನ್ನು ಮತ್ತು ಎದೆ ಬೂದು ಮಿಶ್ರಿತ ನೀಲಿ. ಕಾಲು ಉದ್ದ, ರೆಕ್ಕೆ ಗಿಡ್ಡ. ನೆಲದ ಹತ್ತಿರವೇ ಓಡಾಡಿಕೊಂಡು, ಉದುರಿದ ಎಲೆಗಳ ನಡುವೆ ಹುಳುಹುಪ್ಪಟೆ ಹಿಡಿದು ತಿನ್ನುತ್ತೆ. ಮರದ ಪೊಟರೆಯಲ್ಲೋ ಮಣ್ಣಿನ ದಿಬ್ಬದ ಬಿಲದಲ್ಲೋ ಪಾಚಿ ಹಾಸಿ ಗೂಡು ಮಾಡಿ, ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತೆ. ಪೊದೆಯ ನೆರಳು ಬಿಟ್ಟು ಬಯಲಿಗೆ ಬರೋದು ಅಪರೂಪ. ಹಾಗಾಗಿ ನೋಡಿದವರಿಗಿಂತ ಅದರ ಹಾಡು ಕೇಳಿದವರೇ ಜಾಸ್ತಿ.

ಈಗ ನಮ್ಮನ್ನ ಹಿಡಿದು ಕೂರಿಸಿದ ವಿಷಯ. ಈ ಹಕ್ಕಿಗೆ ರೆಕ್ಕೆ ಇದೆ, ಆದ್ರೂ ಒಂದು ಬೆಟ್ಟಸಾಲಿನಿಂದ ಇನ್ನೊಂದಕ್ಕೆ ಅದು ಹೋಗೋದಿಲ್ಲ. ಯಾಕೆ? ಸಾವಿರ ಮೀಟರ್ ಮೇಲೇರಿದರೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತೆ. ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಲೆಕ್ಕ ಹಾಕಿ: ಸಮುದ್ರಮಟ್ಟಕ್ಕಿಂತ ಸುಮಾರು 12 ಡಿಗ್ರಿ ತಂಪು. ಈ ತಂಪಿಗೆ, ಮಂಜಿಗೆ, ನೆರಳಿಗೆ ಹೊಂದಿಕೊಂಡ ಹಕ್ಕಿಗೆ ಕೆಳಗಿನ ಬಿಸಿ ಕಣಿವೆ ಸಮುದ್ರ ಇದ್ದ ಹಾಗೆ. ಬೆಟ್ಟದ ತುದಿಗಳೇ ದ್ವೀಪಗಳು. ವಿಜ್ಞಾನಿಗಳು ಇವನ್ನ 'ಆಕಾಶ ದ್ವೀಪ' ಅಂತಲೇ ಕರೀತಾರೆ.

ಈ 'ಸಮುದ್ರ'ಗಳಲ್ಲಿ ದೊಡ್ಡದು ಪಾಲಕ್ಕಾಡ್ ಕಂದರ. ನಮ್ಮ ಮಲಯಾಳಿ ಕ್ಲಾಸ್‌ಮೇಟ್‌ಗಳು ಬೆಂಗಳೂರಿನಿಂದ ಎರ್ನಾಕುಲಂ ರೈಲು ಹಿಡಿದು ಊರಿಗೆ ಹೋಗೋದು ಇದರ ಮೂಲಕವೇ. ಇಲ್ಲಿ ಪಶ್ಚಿಮ ಘಟ್ಟ ಸುಮಾರು 30ರಿಂದ 40 ಕಿಲೋಮೀಟರ್ ಅಗಲಕ್ಕೆ ತುಂಡಾಗಿದೆ. ರೈಲಿಗೆ ಒಂದು ಗಂಟೆಯೂ ಬೇಡ, ಶೋಲಾಕಿಳಿಗೆ ಮಾತ್ರ ಲಕ್ಷಾಂತರ ವರ್ಷಗಳಿಂದ ಅದು ದಾಟಲಾಗದ ಗಡಿ. ಕಂದರದ ಉತ್ತರಕ್ಕೆ ನೀಲಗಿರಿ, ಬ್ರಹ್ಮಗಿರಿ, ನಮ್ಮ ಬಾಬಾಬುಡನ್‌ಗಿರಿ. ಇಲ್ಲಿರೋದು ಪಕ್ಕೆಯಲ್ಲಿ ಕೆಂಗಂದು ಬಣ್ಣವಿರುವ ನೀಲಗಿರಿ ಶೋಲಾಕಿಳಿ. ದಕ್ಷಿಣಕ್ಕೆ ಆನೆಮಲೆ, ಪಳನಿ ಬೆಟ್ಟಗಳು. ಅಲ್ಲಿರೋದು ಬಿಳಿಹೊಟ್ಟೆಯ ಶೋಲಾಕಿಳಿ. ಎರಡೂ ಈಗ ಬೇರೆ ಬೇರೆ ಪ್ರಭೇದ.

ಇವುಗಳ ವಂಶಾವಳಿಯನ್ನ ವಿಜ್ಞಾನಿಗಳೇ ತುಂಬಾ ಕಾಲ ತಪ್ಪು ತಿಳಿದಿದ್ರು. 1840ರ ದಶಕದಲ್ಲಿ ಟಿ.ಸಿ. ಜರ್ಡನ್ ಎಂಬ ವೈದ್ಯ ನೀಲಗಿರಿಯ ಹಕ್ಕಿಯನ್ನ ವಿವರಿಸಿ ಬರೆದ. ಆಮೇಲೆ ಇವನ್ನ ಹಿಮಾಲಯದ ಕಡೆಯ ಗಿಡ್ಡರೆಕ್ಕೆ ಹಕ್ಕಿಗಳ ಗುಂಪಿಗೆ ಸೇರಿಸಿದ್ರು. ನೋಡೋಕೆ, ನಡೆಯೋಕೆ ಹಾಗೇ ಇವೆಯಲ್ಲ! ಆದ್ರೆ ವಿ.ವಿ. ರಾಬಿನ್ ಮತ್ತು ಸಂಗಡಿಗರು ಡಿಎನ್ಎ ಪರೀಕ್ಷಿಸಿದಾಗ ಇವು ನೀಲಿ ನೊಣಹಿಡುಕ ಹಕ್ಕಿಗಳ ನೆಂಟರು ಅಂತ ಗೊತ್ತಾಯ್ತು. 2017ರಲ್ಲಿ ಇವಕ್ಕೇ ಅಂತ ಹೊಸ ಕುಲವೊಂದನ್ನ ಹೆಸರಿಸಿದ್ರು: ಶೋಲಿಕೋಲ, ಅಂದ್ರೆ ಶೋಲಾದ ನಿವಾಸಿ. ಇಡೀ ಕುಲ ಪಶ್ಚಿಮ ಘಟ್ಟ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ.

ಹಾಡಿನ ಕಥೆ ಇನ್ನೂ ಸ್ವಾರಸ್ಯ. ಹಾಡುಹಕ್ಕಿಗಳು ಹಾಡನ್ನ ಒಂದರಿಂದ ಒಂದು ಕೇಳಿ ಕಲಿಯುತ್ತವೆ, ನಾವು ಭಾಷೆ ಕಲಿತ ಹಾಗೆ. ಒಬ್ಬರಿಗೊಬ್ಬರು ಸಿಗದಿದ್ರೆ ಏನಾಗುತ್ತೆ? ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಬೇರೆ ಆದ ಹಾಗೆ ಹಾಡೂ ಬೇರೆ ಆಗುತ್ತೆ. ಬಿಳಿಹೊಟ್ಟೆಯ ಶೋಲಾಕಿಳಿಗಳ ಹಾಡು ರೆಕಾರ್ಡ್ ಮಾಡಿ ಹೋಲಿಸಿದ ಸಂಶೋಧಕರಿಗೆ ಪುರಾತನ ಕಂದರಗಳ ಆಚೀಚೆ ಮಾತ್ರ ಅಲ್ಲ, ಇತ್ತೀಚೆಗೆ ಕಾಡು ಕಡಿದು ಬೇರೆಯಾದ ಜಾಗಗಳ ನಡುವೆಯೂ ವ್ಯತ್ಯಾಸ ಕಂಡಿತು.

ನಮಗೆ ತಟ್ಟಿದ್ದು ಈ ಕೊನೆಯ ಮಾತು. ಕಂದರವನ್ನ ಪ್ರಕೃತಿ ಮಾಡಿತು. ಆದ್ರೆ 19ನೇ ಶತಮಾನದಿಂದ ಟೀ ತೋಟ, ನೀಲಗಿರಿ ಮರ, ಅಕೇಶಿಯ, ರಸ್ತೆ ಅಂತ ಶೋಲಾ-ಹುಲ್ಲುಗಾವಲನ್ನ ತುಂಡು ತುಂಡು ಮಾಡಿದ್ದು ನಾವು. ಬಯಲಿನ ಕಾಗೆ, ಗುಬ್ಬಚ್ಚಿ ಒಂದೂರಿನಲ್ಲಿ ಕಡಿಮೆಯಾದ್ರೆ ಪಕ್ಕದೂರಿಂದ ಬರಬಹುದು. ಬಾಬಾಬುಡನ್‌ಗಿರಿಯ ಶೋಲಾಕಿಳಿ ಅಳಿದ್ರೆ ನೀಲಗಿರಿಯಿಂದ ಯಾರೂ ಹಾರಿ ಬರಲ್ಲ. ಬ್ಯಾಕಪ್ ಇಲ್ಲದ ಡೇಟಾ ಅದು. ಭೂಮಿ ಬಿಸಿಯಾದ ಹಾಗೆಲ್ಲ ತಂಪು ಹುಡುಕಿ ಮೇಲೆ ಹೋಗಬೇಕು ಅಂದ್ರೂ, ಅದು ಇರೋದೇ ತುದಿಯ ಹತ್ತಿರ. ಅದಕ್ಕಿಂತ ಮೇಲೆ ಬೆಟ್ಟವೇ ಇಲ್ಲ.

ಸರಿ, ನಾವೇನು ಮಾಡಬಹುದು? ಟ್ರೆಕ್‌ನಲ್ಲಿ ದಾರಿ ಬಿಟ್ಟು ಶೋಲಾ ಒಳಗೆ ನುಗ್ಗೋದು ಬೇಡ. ಹುಲ್ಲುಗಾವಲಿನ ಹತ್ತಿರ ಬೆಂಕಿ ಹಚ್ಚೋದಂತೂ ಬೇಡವೇ ಬೇಡ. ಹಕ್ಕಿ ಹೊರಗೆ ಬರಲಿ ಅಂತ ಮೊಬೈಲ್‌ನಲ್ಲಿ ಅದರದೇ ಹಾಡು ಹಾಕೋರು ಇದ್ದಾರೆ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂತ ಅದು ಗಾಬರಿಯಿಂದ ಓಡಿ ಬರುತ್ತೆ, ಗೂಡು ಮರಿ ಬಿಟ್ಟು. ಅದೂ ಬೇಡ.

ಮುಂದಿನ ತಿಂಗಳು ನಾವು ಮತ್ತೆ ಹೋಗ್ತಾ ಇದ್ದೀವಿ. ಬರೋರು ಕ್ಲಬ್ ಗ್ರೂಪ್‌ನಲ್ಲಿ ಹೆಸರು ಹಾಕಿ. ಚಿತ್ರಾನ್ನ ಇರುತ್ತೆ, ಸ್ಪೀಕರ್ ಇರಲ್ಲ.